ಎಂಟೋ ಹದಿನಾರೋ

ಎಂಟು ದೊಡ್ಡದೋ ಹದಿನಾರು ದೊಡ್ಡದೋ ಎಂದು ಕೇಳಿದರೆ ಒಂದನೇ ತರಗತಿಯ ಮಗುವೂ ಉತ್ತರ ಹೇಳುತ್ತದೆ. ಲ್ಯಾಪ್‌ಟಾಪ್ ಅಂಗಡಿಯಲ್ಲಿ ಮಾತ್ರ ಅಷ್ಟು ಬೇಗ ಬಾಯಿ ಬಿಡಬಾರದು. ಎಂಟು ಜಿಬಿ ರ್‍ಯಾಮ್ ಇರುವ ಯಂತ್ರದೊಳಗೆ ಇನ್ನೊಂದು ಸ್ಟಿಕ್ ಕೂರುವಷ್ಟು ಜಾಗ ಇದೆಯೇ, ಹದಿನಾರು ಇರುವುದರಲ್ಲಿ ಆ ಹದಿನಾರನ್ನು ಮದರ್‌ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆಯೇ ಎಂಬುದನ್ನು ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಯಾರೂ ಅಚ್ಚು ಹಾಕುವುದಿಲ್ಲ. ಕೊಂಡವರು ನಾಲ್ಕೈದು ವರ್ಷ ಬಾಳ್ವೆ ಮಾಡಬೇಕಾದದ್ದು ಆ ಅಚ್ಚಾಗದ ಸಂಗತಿಗಳ ಜೊತೆಗೇ.

2023ರ ಮಳೆಗಾಲದಲ್ಲಿ ನನ್ನ ತಂಗಿಯ ಮಗಳು ಬಿಸಿಎ ಸೇರಿದಳು. ಮನೆ ತೀರ್ಥಹಳ್ಳಿಯ ಕಡೆ, ಕಾಲೇಜು ಮತ್ತು ಹಾಸ್ಟೆಲ್ ಶಿವಮೊಗ್ಗದಲ್ಲಿ. ಲ್ಯಾಪ್‌ಟಾಪ್ ಕೊಳ್ಳಲು ಬೆಂಗಳೂರಿಗೆ, ನಮ್ಮ ಮನೆಗೆ ಬಂದಿದ್ದಳು. ಬರುವಾಗಲೇ ಎಲ್ಲವನ್ನೂ ಜರಡಿ ಹಿಡಿದು ಎರಡಕ್ಕೆ ಇಳಿಸಿಕೊಂಡಿದ್ದಳು. ನೋಟ್‌ಬುಕ್ಕಿನ ಹಾಳೆಯ ನಡುವೆ ಒಂದು ಗೆರೆ; ಎಡಕ್ಕೆ ರೈಜೆನ್ 5 7520ಯು, 16 ಜಿಬಿ ಎಲ್‌ಪಿಡಿಡಿಆರ್5; ಬಲಕ್ಕೆ ರೈಜೆನ್ 5 7530ಯು, 8 ಜಿಬಿ ಡಿಡಿಆರ್4. ಎಸ್‌ಎಸ್‌ಡಿ ಎರಡರಲ್ಲೂ 512, ಪರದೆ ಎರಡರದ್ದೂ 15.6 ಇಂಚು, ಬೆಲೆ ಹೆಚ್ಚುಕಡಿಮೆ ಒಂದೇ.

“ಎಡಗಡೇದೇ ಅಲ್ವಾ ಮಾವಾ? ರ್‍ಯಾಮು ಎರಡರಷ್ಟಿದೆ, ಅದೂ ಡಿಡಿಆರ್ ಐದು” ಅಂದಳು.

ಯಾರು ನೋಡಿದರೂ ಹಾಗೇ ಅನ್ನುತ್ತಾರೆ. ಆದರೆ ಎಎಂಡಿ ಕಂಪನಿ 2022ರ ಸೆಪ್ಟೆಂಬರಿನಲ್ಲಿ ತನ್ನ ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ ಹೆಸರಿಡುವ ಹೊಸ ಕ್ರಮವೊಂದನ್ನು ಪ್ರಕಟಿಸಿತ್ತು. ಅದರ ಪ್ರಕಾರ ಮೊದಲ ಅಂಕಿ ಮಾರುಕಟ್ಟೆಯ ವರ್ಷ: 7 ಎಂದರೆ 2023. ಎರಡನೆಯದು ದರ್ಜೆ. ಒಳಗಿನ ವಿನ್ಯಾಸ ಯಾವ ಕಾಲದ್ದು ಎಂದು ಹೇಳುವುದು ಮೂರನೆಯ ಅಂಕಿ. 7520ರಲ್ಲಿ ಅದು 2, ಅಂದರೆ ಝೆನ್ 2. 2019ರಲ್ಲಿ ಬಂದ ವಿನ್ಯಾಸ. 7530ರಲ್ಲಿ 3, ಅಂದರೆ 2020ರ ಕೊನೆಗೆ ಬಂದ ಝೆನ್ 3. ಮೊದಲನೆಯದಕ್ಕೆ ನಾಲ್ಕು ಕೋರ್, ಎರಡನೆಯದಕ್ಕೆ ಆರು. ಹೆಸರಲ್ಲಿ ಬರೀ ಹತ್ತರ ಅಂತರ. ಒಳಗೆ ಒಂದು ತಲೆಮಾರು ಮತ್ತು ಎರಡು ಕೋರುಗಳ ಅಂತರ. ಹಳೇ ಚಾಸಿಯ ಮೇಲೆ ಹೊಸ ಬಾಡಿ ಕಟ್ಟಿಸಿದ ಲಾರಿಯನ್ನು ನಂಬರ್ ಪ್ಲೇಟ್ ನೋಡಿ ಅಳೆಯಲು ಆಗುವುದಿಲ್ಲ. ಕಾಲೇಜು ಸೇರುವ ಮಕ್ಕಳ ಅಪ್ಪ ಅಮ್ಮಂದಿರಿಗೆ, ಸಾಲ ಮಾಡಿ ಈ ದುಡ್ಡು ಹೊಂದಿಸುವವರಿಗೆ, ಇಷ್ಟನ್ನಾದರೂ ಅಂಗಡಿಯವರು ಬಿಡಿಸಿ ಹೇಳಬೇಕು. ಹೇಳಿದರೆ ವ್ಯಾಪಾರ ಕೆಡುವುದಿಲ್ಲ.

ಹಾಗೆಂದು ಎಡಗಡೆಯದನ್ನು ತಳ್ಳಿಹಾಕುವುದು ನ್ಯಾಯವಲ್ಲ. ವಿನ್ಯಾಸ ಹಳೆಯದಾದರೂ ಆ ಚಿಪ್ಪನ್ನು 6 ನ್ಯಾನೋಮೀಟರಿನ ಹೊಸ ವಿಧಾನದಲ್ಲಿ ಮಾಡಿದ್ದಾರೆ. ಕಡಿಮೆ ವಿದ್ಯುತ್ತಿನಲ್ಲಿ ಓಡಬೇಕೆಂದೇ ಮಾಡಿದ್ದು. ಆಷಾಢದ ಮಳೆಯಲ್ಲಿ ಮಲೆನಾಡಿನ ಮನೆಗಳಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ. ಎಲ್ಲೋ ಕಾಡಿನೊಳಗೆ ಮರ ಬಿದ್ದು ತಂತಿ ಹರಿದಿರುತ್ತದೆ. ಲೈನ್‌ಮನ್ ಆ ಜಾಗ ಹುಡುಕಿಕೊಂಡು ಮಳೆಯಲ್ಲಿ ನಡೆಯಬೇಕು. ಅಂಥಲ್ಲಿ ಒಂದು ಗಂಟೆ ಹೆಚ್ಚು ಬಾಳುವ ಬ್ಯಾಟರಿ ಎರಡು ಕೋರುಗಳಿಗಿಂತ ದೊಡ್ಡದು. ಅವಳು ಮನೆಯಿಂದಲೇ ಓಡಾಡಿಕೊಂಡು ಓದುವವಳಾಗಿದ್ದರೆ ನಾನು ಎಡಗಡೆಯದನ್ನೇ ತೆಗೆದುಕೋ ಅನ್ನುತ್ತಿದ್ದೆ.

ಮೆಮೊರಿಯ ಲೆಕ್ಕವನ್ನು ನಾನು ಹಿಂದೆಯೂ ಬಹಳ ಸಲ ಯೋಚಿಸಿದ್ದೇನೆ, ಯಾಕೆಂದರೆ ಕರಡು ತಿದ್ದುವುದು ನನ್ನ ಕೆಲಸ; ಇಡೀ ದಿನ ಕನ್ನಡದ ಫೈಲುಗಳ ನಡುವೆಯೇ ಇರುತ್ತೇನೆ. ಯೂನಿಕೋಡಿನಲ್ಲಿ, ಯುಟಿಎಫ್-8 ಎಂಬ ರೂಪದಲ್ಲಿ ಉಳಿಸಿದಾಗ, ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ‘ಕನ್ನಡ’ ಎಂದು ಬರೆದರೆ ಕ, ನ, ಹಲಂತ ಚಿಹ್ನೆ, ಮತ್ತೆ ನ, ಡ: ಐದು ಸಂಕೇತ, ಹದಿನೈದು ಬೈಟ್. ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಇದನ್ನು ಕೇಳಿದವರು ಕನ್ನಡಕ್ಕೆ ಜಾಗ ಹೆಚ್ಚು ಬೇಕಲ್ಲವೇ ಎಂದು ಗಾಬರಿಯಾಗುವುದುಂಟು. ಆದರೂ ಲಕ್ಷ ಪದಗಳ ಒಂದು ಕಾದಂಬರಿ ಎರಡು ಮೂರು ಎಂಬಿಯಲ್ಲಿ ಮುಗಿದುಹೋಗುತ್ತದೆ. ಫೋನಿನಲ್ಲಿ ತೆಗೆದ ಒಂದು ಫೋಟೋ ಅಷ್ಟಿರುತ್ತದೆ. ಒಬ್ಬ ಲೇಖಕ ಜೀವಮಾನವೆಲ್ಲ ಬರೆದದ್ದು ಅತಿ ಸಣ್ಣ ಪೆನ್‌ಡ್ರೈವಿನ ಮೂಲೆಯಲ್ಲಿ ಕೂರುತ್ತದೆ ಎನ್ನುವುದು ನನಗೆ ಇವತ್ತಿಗೂ ರೋಮಾಂಚನದ ವಿಷಯ. ಬರೆಯುವುದಕ್ಕೆ ಮೆಮೊರಿ ಬೇಡವೇ ಬೇಡ. ಮೆಮೊರಿ ತಿನ್ನುವುದು ಬ್ರೌಸರ್, ವಿಂಡೋಸ್, ಮತ್ತು ಬಿಸಿಎ ಮಕ್ಕಳಿಗೆ ಬೇಕಾಗುವ ಆಂಡ್ರಾಯ್ಡ್ ಸ್ಟುಡಿಯೋದಂಥ ದೊಡ್ಡ ತಂತ್ರಾಂಶಗಳು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಚಿತ್ರ ಮೂಡಿಸುವ ಭಾಗವೂ ಇದೇ ರ್‍ಯಾಮಿನಲ್ಲಿ ಪಾಲು ಕೇಳುತ್ತದೆ. ಎಂಟು ಎಂದು ಕೊಂಡದ್ದು ಕೈಗೆ ಸಿಗುವಾಗ ಎಂಟಿರುವುದಿಲ್ಲ.

ಡಿಸ್ಕಿನ ವಿಷಯದಲ್ಲಿ ಇಂಥದೇ ಇನ್ನೊಂದು ಗೊಂದಲವಿದೆ. 512 ಜಿಬಿ ಎಂದು ಕೊಂಡ ಎಸ್‌ಎಸ್‌ಡಿಯನ್ನು ವಿಂಡೋಸ್ 476 ಎಂದು ತೋರಿಸುತ್ತದೆ. ಮೋಸವಾಯಿತೆಂದು ಅಂಗಡಿಗೆ ವಾಪಸು ಬರುವವರಿದ್ದಾರೆ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಬೈಟುಗಳು ಅಷ್ಟೇ ಇರುತ್ತವೆ.

ಹಾಳೆಯ ಮೇಲಿನ ವಾದ ಎಷ್ಟಾದರೂ ಹಾಳೆಯ ಮೇಲಿನದೇ. ಯಂತ್ರಗಳನ್ನು ಮುಟ್ಟಿ ನೋಡೋಣವೆಂದು ಇಬ್ಬರೂ ಎಸ್.ಪಿ. ರಸ್ತೆಗೆ ಹೋದೆವು. ಕೇಬಲ್ಲು, ಕೀಬೋರ್ಡು, ಬಿಚ್ಚಿಟ್ಟ ಪ್ರಿಂಟರುಗಳ ನಡುವೆ ಭುಜ ಓರೆ ಮಾಡಿಕೊಂಡು ನಡೆಯಬೇಕಾದ ಆ ರಸ್ತೆ ನನಗೆ ತುಂಬ ಇಷ್ಟ. ಅಂಗಡಿಯವರು ಎರಡನ್ನೂ ಪಕ್ಕಪಕ್ಕ ತೆರೆದಿಟ್ಟರು. ನಾನು ಮೊದಲು ಮಾಡುವುದು ಕನ್ನಡದ ಒಂದು ಪುಟ ತೆರೆದು ಸಣ್ಣ ಅಕ್ಷರದಲ್ಲಿ ಓದುವ ಕೆಲಸ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ. ಇವುಗಳ ನಡುವೆ ಇರುವುದು ಬುಡದಲ್ಲಿ ಒಂದು ಪುಟ್ಟ ಸೀಳು ಅಷ್ಟೇ. ‘ರಾಷ್ಟ್ರ’ದಂಥ ಪದದಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳು ಇಕ್ಕಟ್ಟಿನಲ್ಲಿ ಕೂರಬೇಕು. 1366×768ರ ಹಳೆಯ ಪರದೆಗಳಲ್ಲಿ 15.6 ಇಂಚಿಗೆ ಪ್ರತಿ ಇಂಚಿನಲ್ಲಿ ನೂರು ಚುಕ್ಕಿ ಮಾತ್ರ. ಆ ಸೀಳು ಮಸಿಯಾಗಿ ಕಾಣುತ್ತಿತ್ತು, ಒತ್ತು ಯಾವುದೆಂದು ಊಹಿಸಬೇಕಾಗುತ್ತಿತ್ತು. 1920×1080ರಲ್ಲಿ ಇಂಚಿಗೆ 141 ಚುಕ್ಕಿ; ಧಕಾರದ ಸೀಳು ಸೀಳಾಗಿಯೇ ನಿಲ್ಲುತ್ತದೆ. ಇಂಗ್ಲಿಷ್ ಓದುವವರಿಗೆ ಇದು ಸೌಕರ್ಯವಿರಬಹುದು, ಕನ್ನಡ ಓದುವವರಿಗೆ ಅವಶ್ಯಕತೆ. ನಮ್ಮ ಅದೃಷ್ಟಕ್ಕೆ ಎರಡೂ ಯಂತ್ರಗಳದ್ದು ಇದೇ ಪರದೆ.

ಕೀಬೋರ್ಡಿನಲ್ಲಿ ವ್ಯತ್ಯಾಸ ಸಿಕ್ಕಿತು. ನಮ್ಮ ಹುಡುಗಿ ಕನ್ನಡದಲ್ಲಿ ಕಥೆ ಬರೆಯುತ್ತಾಳೆ, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಲ್ಲಿ, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಲ್ಲಿ ಟೈಪ್ ಮಾಡಿ ಕಲಿತವಳು. ಆ ವಿನ್ಯಾಸದ ಸೊಗಸು ಅದರ ಸರಳತೆಯಲ್ಲಿದೆ: ‘ಕೆ’ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ, ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’. ಇಂಗ್ಲಿಷ್ ಕೀಲಿಗಳನ್ನೇ ಇಟ್ಟುಕೊಂಡು ಇಡೀ ವರ್ಣಮಾಲೆಯನ್ನು ಬೆರಳ ತುದಿಗೆ ತಂದುಕೊಟ್ಟ ಆ ಹಿರಿಯರಿಗೆ ಕನ್ನಡದಲ್ಲಿ ಟೈಪ್ ಮಾಡುವ ನಾವೆಲ್ಲ ಋಣಿಗಳು. ಮಹಾಪ್ರಾಣಕ್ಕೆ ಶಿಫ್ಟ್, ದೀರ್ಘಕ್ಕೆ ಶಿಫ್ಟ್. ಆದ್ದರಿಂದ ಕನ್ನಡ ಬರೆಯುವವರಿಗೆ ಶಿಫ್ಟ್ ಕೀಲಿ ಎರಡು ಕಡೆಯೂ ಉದ್ದವಾಗಿರಬೇಕು. ಎಡಗಡೆಯ ಯಂತ್ರದಲ್ಲಿ ಬಲ ಶಿಫ್ಟನ್ನು ಮೊಟಕು ಮಾಡಿ ಅದರ ಪಕ್ಕಕ್ಕೆ ಮೇಲ್ಬಾಣದ ಕೀಲಿ ತುರುಕಿದ್ದರು. ಅವಳು ಒಂದು ಸಾಲು ಹೊಡೆದಳು. ಕಿರುಬೆರಳು ಬಾಣದ ಮೇಲೆ ಬಿದ್ದು ಕರ್ಸರ್ ಮೇಲಿನ ಸಾಲಿಗೆ ಹಾರಿತು. ಮತ್ತೆ ಹೊಡೆದಳು, ಮತ್ತೆ ಹಾರಿತು. ಬಲಗಡೆಯದರಲ್ಲಿ ಶಿಫ್ಟ್ ಪೂರ್ತಿ ಇತ್ತು.

“ನೀನು ವರ್ಷದಲ್ಲಿ ಮನೇಲಿರೋದು ಎಷ್ಟು ದಿನ?” ಎಂದು ಕೇಳಿದೆ.

“ರಜೆ ಬಿಟ್ರೆ ಹಾಸ್ಟೆಲ್ಲೇ ಮಾವಾ. ಅಲ್ಲಿ ಜನರೇಟರ್ ಇದೆ.” ಸ್ವಲ್ಪ ಹೊತ್ತು ಎರಡನ್ನೂ ನೋಡಿ, “ಇದಕ್ಕೆ ಇನ್ನೊಂದು ರ್‍ಯಾಮ್ ಹಾಕಬಹುದಾ?” ಎಂದು ಬಲಗಡೆಯದನ್ನು ಮುಟ್ಟಿ ಅಂಗಡಿಯವರನ್ನೇ ಕೇಳಿದಳು.

“ಒಂದು ಸ್ಲಾಟ್ ಖಾಲಿ ಇದೆ ಮೇಡಂ. ಅದಕ್ಕೆ ಬರಲ್ಲ, ಅದರದು ಬೋರ್ಡ್ ಮೇಲೇ ಬರುತ್ತೆ” ಎಂದರು ಅವರು. ಎಲ್‌ಪಿಡಿಡಿಆರ್ ಜಾತಿಯ ಮೆಮೊರಿಯನ್ನು ಸಾಮಾನ್ಯವಾಗಿ ಬೆಸುಗೆ ಹಾಕಿಯೇ ಕೂರಿಸುತ್ತಾರೆ. ತೆಳ್ಳಗಿರುತ್ತದೆ, ವಿದ್ಯುತ್ ಕಡಿಮೆ ಎಳೆಯುತ್ತದೆ. ಆದರೆ ಕೊಂಡ ದಿನ ಎಷ್ಟಿತ್ತೋ ಕೊನೆಯ ದಿನವೂ ಅಷ್ಟೇ. ಅದೇ ಪಕ್ಕದ್ದಕ್ಕೆ ಇವತ್ತು ಎಂಟು ಸೇರಿಸಬಹುದು. ಎರಡು ಸ್ಟಿಕ್ ಜೋಡಿಯಾದಾಗ ಎರಡು ದಾರಿಯಲ್ಲಿ ಮಾಹಿತಿ ಹರಿದು ಗ್ರಾಫಿಕ್ಸಿಗೂ ಅನುಕೂಲ. ಆ ವರ್ಷ ಮೆಮೊರಿ ತೀರ ಅಗ್ಗವಾಗಿತ್ತು ಎಂಬುದೂ ನೆರವಿಗೆ ಬಂತು. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಬೇಡಿಕೆಯಿಂದ ಅದರ ಬೆಲೆ ಏರಿದ್ದು ನೋಡಿದರೆ, ಈಗ ಇದೇ ಪ್ರಶ್ನೆ ಹಿಡಿದು ಬರುವವರಿಗೆ ಹದಿನಾರು ಮೊದಲೇ ಇರುವುದನ್ನು ಇನ್ನೊಮ್ಮೆ ಯೋಚಿಸಿ ಎಂದೇ ಹೇಳುತ್ತೇನೆ.

ಕೆಳಗಿನ ಮುಚ್ಚಳ ತೆಗೆದರೆ ವಾರಂಟಿ ಹೋಗುತ್ತದೆಯೇ ಎಂದು ವಿಚಾರಿಸಿದೆ. ಅಂಗಡಿಯವರು ಕಂಪನಿಗೆ ಫೋನ್ ಮಾಡಿ ಸ್ಪೀಕರಿನಲ್ಲೇ ಕೇಳಿಸಿದರು; ಹೋಗುವುದಿಲ್ಲವಂತೆ. ಇದನ್ನು ಕೇಳದೆ ಯಾರೂ ಸ್ಕ್ರೂ ಮುಟ್ಟಬಾರದು. ಕೆಲಸದ ಹುಡುಗ ಯಂತ್ರವನ್ನು ಬಟ್ಟೆಯ ಮೇಲೆ ಬೋರಲು ಹಾಕಿ ಸ್ಕ್ರೂಗಳನ್ನು ಬಿಚ್ಚಿದ. ಪ್ಲಾಸ್ಟಿಕ್ಕಿನ ತೆಳು ಪಟ್ಟಿಯೊಂದನ್ನು ಅಂಚಿಗೆ ತೂರಿಸಿ ಸುತ್ತಲೂ ಮೆಲ್ಲಗೆ ಸರಿಸಿದ. ಮುಚ್ಚಳ ಎದ್ದಾಗ ನಮ್ಮ ಹುಡುಗಿ ಬಗ್ಗಿಯೇ ನೋಡಿದಳು: ಫ್ಯಾನು, ತಾಮ್ರದ ಕೊಳವೆ, ಕಪ್ಪು ಬ್ಯಾಟರಿ, ಬದಿಯಲ್ಲಿ ಒಂದು ಖಾಲಿ ಸ್ಲಾಟ್. ಹುಡುಗ ಬ್ಯಾಟರಿಯ ತಂತಿ ಕಳಚಿಟ್ಟು, ಸ್ಟಿಕ್ಕಿನಲ್ಲಿರುವ ಕಚ್ಚನ್ನು ಸ್ಲಾಟಿನ ಹಲ್ಲಿಗೆ ಹೊಂದಿಸಿ ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದ. ಎರಡೂ ಬದಿಯ ಕ್ಲಿಪ್ಪುಗಳು ಟಕ್ಕೆಂದು ಹಿಡಿದುಕೊಂಡವು.

ಮುಚ್ಚುವಾಗ ಅವಳು “ಅಣ್ಣಾ, ಸ್ಕ್ರೂ ನಾನು ಹಾಕ್ಲಾ?” ಎಂದು ಕೇಳಿದಳು. ಅವನು ಸ್ಕ್ರೂಡ್ರೈವರ್ ಅವಳ ಕೈಗೆ ಕೊಟ್ಟು, ಉದ್ದದವು ಹಿಂಬದಿಗೆ, ಗಿಡ್ಡವು ಮುಂದಕ್ಕೆ ಎಂದು ತೋರಿಸಿದ.