ಹತ್ತಿ ಬರುವ ಕಾವೇರಿ

ಕಾವೇರಿ ಬೆಂಗಳೂರಿಗೆ ಹರಿದು ಬರುವುದಿಲ್ಲ, ಹತ್ತಿ ಬರುತ್ತದೆ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಪಂಪಿಗೆ ಸಿಕ್ಕಿ, ಸುಮಾರು 100 ಕಿ.ಮೀ. ದೂರ, ಅರ್ಧ ಕಿ.ಮೀ. ಎತ್ತರ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ಕರೆಂಟಿನದು.

ಅದೇ ನದಿ ಶಿವನಸಮುದ್ರದಲ್ಲಿ ಧುಮುಕಿ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ಕರೆಂಟು ಕೊಟ್ಟಿತ್ತು. ಬೀಳುತ್ತಾ ಬೆಳಕು ಕೊಟ್ಟ ನೀರನ್ನು ಈಗ ಕರೆಂಟು ಸುರಿದು ಮೇಲೆತ್ತುತ್ತಿದ್ದೇವೆ.

ಬೆಂಗಳೂರಿಗೆ ನೀರುಣಿಸಲು 1894ರಲ್ಲಿ ಹೆಸರಘಟ್ಟ ಕೆರೆ, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ: ಎರಡೂ ಅರ್ಕಾವತಿಯ ನೀರೇ. ಅದು ಸಾಲದೆ 1974ರಲ್ಲಿ ಕಾವೇರಿಯ ಮೊದಲ ಹಂತ. 2024ರ ಅಕ್ಟೋಬರಿನಲ್ಲಿ ಐದನೆಯದು, ದಿನಕ್ಕೆ 77.5 ಕೋಟಿ ಲೀಟರ್. ಹತ್ತಿರದ ಹೊಳೆ ಸೊರಗಿದಂತೆಲ್ಲ ದೂರದ ಹೊಳೆಗೆ ಕೈ ಚಾಚಿದೆವು. ಅರ್ಕಾವತಿಯನ್ನು ಉಳಿಸಿಕೊಳ್ಳಲು ತಗಲುತ್ತಿದ್ದ ಹಣವನ್ನು ಐದನೇ ಹಂತದ ಖರ್ಚಿನ ಪಕ್ಕದಲ್ಲಿಟ್ಟು ಯಾರಾದರೂ ನೋಡಿದರೇ?

ಕಾವೇರಿ ನೀರು ಬೀದಿಗೆ ಬಂದಿತ್ತು. ವಾಲ್ವ್‌ಮನ್ ರಸ್ತೆ ನಡುವಿನ ಮುಚ್ಚಳ ಎತ್ತಿದ. ಎದೆಯುದ್ದದ ಕಬ್ಬಿಣದ ಕೀಲಿಯನ್ನು ಗುಂಡಿಗಿಳಿಸಿ, ಎರಡೂ ಕೈಯಲ್ಲಿ ಹಿಡಿದು, ಸುತ್ತುಗಳನ್ನು ಬಾಯಲ್ಲೇ ಎಣಿಸುತ್ತಾ ವಾಲ್ವ್ ಮುಚ್ಚತೊಡಗಿದ. ಗೇಟಿನಲ್ಲಿ ನಿಂತ ಹೆಂಗಸು, “ಅಣ್ಣಾ, ಸಂಪು ಅರ್ಧಾನೂ ತುಂಬಿಲ್ಲ, ಇನ್ನೊಂದು ಅರ್ಧ ಗಂಟೆ ಬಿಡಿ” ಎಂದರು. “ಬಿಟ್ರೆ ಮೇಲಿನ ಕ್ರಾಸಿಗೆ ಏರಲ್ಲಮ್ಮ, ಅಲ್ಲಿಯವರು ನನ್ನನ್ನ ಸುಮ್ನೆ ಬಿಡ್ತಾರಾ?” ಅರ್ಧ ಕಿಲೋಮೀಟರ್ ಹತ್ತಿದ ನೀರು ಕೊನೆಯ ಕ್ರಾಸಿನ ಏರಿಗೆ ಸೋಲುತ್ತದೆ. ಬೃಹತ್ ಯೋಜನೆಯ ಕೊನೆಯ ತೀರ್ಮಾನ ಈತನ ತೋಳಿನಲ್ಲಿದೆ. ಬೈಗುಳವೂ ಈತನ ಪಾಲಿಗೇ. ಇದು ನನಗೆ ಸರಿಕಾಣುವುದಿಲ್ಲ.

ಇಷ್ಟು ಕಷ್ಟದಿಂದ ಬಂದದ್ದರಲ್ಲಿ ಕಾಲುಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಸೋರಿದ್ದೆಷ್ಟು, ಕದ್ದದ್ದೆಷ್ಟು?

ಬಳಸಿ ಬಿಟ್ಟ ನೀರಿನ ದಾರಿಯೂ ವಿಚಿತ್ರ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರು ಸಂಸ್ಕರಣೆಯಾಗಿ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರ ಕೆರೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆಯಲ್ಲಿ ಬತ್ತಿದ ಬೋರ್‌ವೆಲ್‌ಗಳಿಗೆ ಜೀವ ಬಂದಿತೆಂದು ರೈತರು ಹೇಳುತ್ತಾರೆ. ಮೂರನೇ ಹಂತದ ಸಂಸ್ಕರಣೆಯೂ ಆಗಲಿ ಎಂದು ಅಲ್ಲಿನ ಹೋರಾಟಗಾರರು ಪಟ್ಟು ಹಿಡಿದಿದ್ದಾರೆ. ನ್ಯಾಯವಾದ ಬೇಡಿಕೆ. ಕುಡಿಯುವ ನೀರಿಗೆ ಐದು ಹಂತ ಕಟ್ಟಿದ ಊರಿಗೆ, ಕೋಲಾರಕ್ಕೆ ಕಳಿಸುವ ನೀರಿಗೆ ಇನ್ನೊಂದು ಹಂತ ಸೇರಿಸುವುದು ಯಾಕೆ ಭಾರವಾಗಬೇಕು?