ರಂಗನ ಭಾವಮೈದುನರ ಬೆಟ್ಟದಲ್ಲಿ

ಕರೂರು ಕೈಗಾರಿಕಾ ಪ್ರದೇಶದ ತಗಡಿನ ಶೆಡ್ಡು, ಸಾಲುಗಟ್ಟಿ ನಿಂತ ಲಾರಿಗಳನ್ನೇ ದಿನವೂ ನೋಡುವ ನಮ್ಮ ದಾವಣಗೆರೆ ತಂಡಕ್ಕೆ ಯಳಂದೂರಿನಿಂದ ಮೇಲೇರುವ ದಾರಿಯೇ ಬೇರೆ ಲೋಕವಾಗಿತ್ತು. ಬುಡದಲ್ಲಿ ಒಣಗಿದ ಕುರುಚಲು ಕಾಡು. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಹಸಿರು ದಟ್ಟವಾಗಿ, ಜೀಪಿನಲ್ಲಿದ್ದವರೆಲ್ಲ ಸ್ವೆಟರ್ ಹುಡುಕತೊಡಗಿದರು. ಪೂರ್ವಘಟ್ಟವೂ ಪಶ್ಚಿಮಘಟ್ಟವೂ ಕೂಡುವ ಜಾಗ ಬಿಳಿಗಿರಿರಂಗನ ಬೆಟ್ಟ.

ಬಿಳಿ ಬಂಡೆಯ ಅಂಚಿನಲ್ಲಿ ನೆಲೆಸಿದ ರಂಗನಾಥ ಇಲ್ಲಿನ ಆದಿವಾಸಿ ಸೋಲಿಗರಿಗೆ ದೇವರೂ ಹೌದು, ಭಾವನೂ ಹೌದು. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದವನಂತೆ! ರಾತ್ರಿಯೆಲ್ಲ ಕಾಡು ಸುತ್ತುವ ಅವನಿಗೆ ಭಕ್ತರು ದೊಡ್ಡ ಚರ್ಮದ ಚಪ್ಪಲಿ ಹೊಲಿದು ತಂದೊಪ್ಪಿಸುತ್ತಾರೆ. ಅದನ್ನು ತಲೆಗೆ ಮುಟ್ಟಿಸಿಕೊಳ್ಳಲು ನಾವೂ ಸರದಿಯಲ್ಲಿ ನಿಂತೆವು. ಆದರೆ ನಾನು ನಿಜವಾಗಿ ಬೆರಗಾದದ್ದು ಭಾರ್ಗವಿ ಹಳ್ಳದ ಬದಿಯಲ್ಲಿ ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರದ ಮುಂದೆ. ಗುಡಿಯಿಲ್ಲ, ಗೋಪುರವಿಲ್ಲ. ಮರದ ಬುಡದಲ್ಲಿ ಸಾಲಾಗಿ ಕೂತ ಕಲ್ಲುಗಳು, ಮೇಲೆ ಕತ್ತೆತ್ತಿದರೂ ಮುಗಿಯದ ಕೊಂಬೆಗಳು.

ಸೋಲಿಗರ ಹಾಡಿಯಾದ ಪೋಡಿನ ಅಂಚಿನಲ್ಲಿ ಅಜ್ಜನೊಬ್ಬ ನಮಗೆ ನೂರೆ ಎಂಬ ಕಾಡುಗೆಣಸು ಅಗೆದು ತೋರಿಸಿದ. ಬಳ್ಳಿಯ ಜಾಡು ಹಿಡಿದು ಮೊಳದುದ್ದ ಮಣ್ಣು ಬಗೆದು ಗೆಡ್ಡೆ ಮುರಿದುಕೊಂಡ. ಆಮೇಲೆ ಬಳ್ಳಿಯ ತಲೆಯನ್ನು ಅದೇ ಗುಂಡಿಗಿಟ್ಟು ಮಣ್ಣೆಳೆದು ಮೆತ್ತಗೆ ತುಳಿದ. "ಮುಂದ್ಲ ವರ್ಸಕ್ಕೂ ಬೇಕಲ್ವಾ ಸಾಮಿ" ಎಂದ.

ಗೆಣಸು, ಜೇನು, ಸೊಪ್ಪು, ಜೊತೆಗೆ ಅವರೆ, ಸಾಸಿವೆ, ಕುಂಬಳ ಬೆರೆಸಿ ಬಿತ್ತಿದ ರಾಗಿ: ಒಂದು ಕೈಕೊಟ್ಟರೆ ಇನ್ನೊಂದು ಹೊಟ್ಟೆ ಹೊರೆಯುತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಕಾಡು ಕಡಿದು ಜಾಗ ಬದಲಿಸುತ್ತ ಬಿತ್ತುವ ಬೇಸಾಯ ನಿಂತಿತು, ಬೇಟೆ ನಿಂತಿತು, ಜನ ಪೋಡುಗಳಲ್ಲಿ ನೆಲೆನಿಂತರು. ಬೇಸಿಗೆಗೆ ಮುಂಚೆ ಹಾಕುತ್ತಿದ್ದ ತರಗು ಬೆಂಕಿಯೂ ನಿಂತಿದ್ದರಿಂದಲೇ ಲಂಟಾನ ಕಳೆ ಹಬ್ಬಿತು, ನೆಲ್ಲಿಮರಕ್ಕೆ ಬಂದಳಿಕೆ ಹತ್ತಿತು ಎಂಬುದು ಸೋಲಿಗರ ವಾದ. ಅರಣ್ಯ ಇಲಾಖೆಗಿಂತ ಹಳೆಯ ಈ ತಿಳಿವಳಿಕೆಯನ್ನು ಕೇಳುವ ವ್ಯವಧಾನ ನಮಗಿರಬೇಕಿತ್ತು. ಮುಂದೆ ಜೇನು, ನೆಲ್ಲಿ ಸಂಗ್ರಹಕ್ಕೂ ತಡೆ ಬಿತ್ತು. ಹೊಲದ ರಾಗಿಗೆ ಆನೆ, ಹಂದಿ ಪಾಲುದಾರರು. ಈಗ ತಟ್ಟೆ ತುಂಬುವುದು ರೇಷನ್ ಅಕ್ಕಿ. ಅಪೌಷ್ಟಿಕತೆ ನೀಗಲೆಂದು ಸರ್ಕಾರ ಕಾಡಿನ ಆದಿವಾಸಿಗಳಿಗೆ ರಾಗಿ, ಕಾಳು, ಮೊಟ್ಟೆ, ತುಪ್ಪ, ಬೆಲ್ಲವನ್ನೂ ಹಂಚುತ್ತದೆ. ರಾಗಿ ಬೆಳೆಯುತ್ತಿದ್ದವರಿಗೇ ರಾಗಿ ಹಂಚುವಂತಾಯಿತಲ್ಲ!

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ 25 ಪೋಡುಗಳ ಗ್ರಾಮಸಭೆಗಳಿಗೆ, ಜೇನು, ನೆಲ್ಲಿ ಸಂಗ್ರಹದ ಹಕ್ಕೂ ಸೇರಿದ ಸಮುದಾಯ ಅರಣ್ಯ ಹಕ್ಕುಪತ್ರ ಬಂತು. ಆಶ್ಚರ್ಯವೆಂದರೆ ಆಫ್ರಿಕಾದ ಟಾಂಜಾನಿಯಾದಲ್ಲಿ ಎಯಾಸಿ ಸರೋವರದ ಕಡೆಯ ಹಡ್ಜಾ ಜನರಿಗೂ ನೆಲದ ಸಾಮೂಹಿಕ ಹಕ್ಕುಪತ್ರ ಸಿಕ್ಕಿದ್ದು 2011ರಲ್ಲೇ. ಅವರೂ ಗೆಡ್ಡೆ ಅಗೆಯುವವರು, ಜೇನು ಕೀಳುವವರು. ದಾರಿ ತೋರಿಸುವ ಹಕ್ಕಿಯೊಂದರ ಹಿಂದೆ ನಡೆದು ಗೂಡು ಹುಡುಕುವ ಜಾಣರು. ಕ್ಯಾಮೆರಾ ಹಿಡಿದ ಪ್ರವಾಸಿಗರು ಅಲ್ಲಿಗೂ ಬರುತ್ತಾರೆ.

ಬೆಟ್ಟದ ಕೆ.ಗುಡಿಯಿಂದ ಹೊರಡುವ ಸಫಾರಿಯಲ್ಲಿ ನಮಗೆ ಜಿಂಕೆ, ಕಾಡೆಮ್ಮೆ ಸಿಕ್ಕವು, ಹುಲಿ ಸಿಗಲಿಲ್ಲ. ಬೇಸರವೇನಿಲ್ಲ. ಆದರೆ ಹುಲಿ ನೋಡಲೆಂದು ಕೊಡುವ ದುಡ್ಡಿನಲ್ಲಿ, ತಲೆಮಾರುಗಳಿಂದ ಹುಲಿಯ ಜೊತೆಗೇ ಬಾಳಿದವರಿಗೂ ಪಾಲಿರುವುದು ನ್ಯಾಯ. ಅದು ಸರ್ಕಾರದ ಕೆಲಸ. ನಮ್ಮ ಕೈಲಾಗುವ ಕೆಲಸ ಚಿಕ್ಕದು: ಬೆಟ್ಟಕ್ಕೆ ಹೋದವರು ಜೇನನ್ನು ಸೋಲಿಗರಿಂದಲೋ ಅವರ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯಿಂದಲೋ ಕೊಳ್ಳಿ, ಚೌಕಾಸಿ ಮಾಡಬೇಡಿ.