ಕ್ಷಮೆ ಕೇಳುತ್ತಲೇ ಸಾಲ ಕೇಳುವ ಕಾಗದ

ಬಾಗಿಲು ಸದ್ದಾಗದಂತೆ ತಳ್ಳಿಕೊಂಡು ಒಳಗೆ ಬನ್ನಿ. ಮೊದಲು ಮೂಗಿಗೆ ಬಡಿಯುವುದು ಕಟ್ಟಿಗೆಯ ಹೊಗೆ. ಅದರ ಹಿಂದೆಯೇ ಕರಗಿದ ಅರಗು, ಶಾಯಿ, ಒಣಗದ ಉಣ್ಣೆಯ ಕೋಟಿನ ಮುಗ್ಗಲು ವಾಸನೆ. ಇಸವಿ 1782, ಡಿಸೆಂಬರ್ 17. ಪ್ಯಾರಿಸ್‌ಗೂ ವರ್ಸೈ ಅರಮನೆಗೂ ನಡುವೆ, ಸೇನ್ ನದಿಯನ್ನು ನೋಡುತ್ತ ಗುಡ್ಡದ ಮೇಲೆ ಕೂತಿರುವ ಪಾಸ್ಸಿ ಎಂಬ ಊರು ಇದು. ಈ ಕೋಣೆಯಲ್ಲಿ ನಿಲ್ಲಲು ನಿಮಗೊಂದು ವೇಷ ಬೇಕು. ನಕಲು ಗುಮಾಸ್ತರಾಗಿ. ಹೆಬ್ಬಾತಿನ ಗರಿಯ ಲೇಖನಿ, ಒಂದು ಸಣ್ಣ ಚಾಕು, ಶಾಯಿ ಹೀರಲು ನುಣ್ಣನೆಯ ಮರಳು, ಚಳಿಗೆ ಮರಗಟ್ಟಿದ ಬೆರಳು. ಇಷ್ಟೇ ನಿಮ್ಮ ಸಾಮಾನು.

ಕಿಟಕಿಯ ಬಳಿ ಕೂತವರು ಬೆಂಜಮಿನ್ ಫ್ರಾಂಕ್ಲಿನ್, ಇಂಗ್ಲೆಂಡಿನಿಂದ ಬಿಡಿಸಿಕೊಳ್ಳಲು ಹೋರಾಡುತ್ತಿರುವ ಅಮೆರಿಕದ ರಾಯಭಾರಿ. ಮನೆಯಲ್ಲಿ, ಊರಿನಲ್ಲಿ, ಅರಮನೆಯಲ್ಲಿ ಎಲ್ಲರಿಗೂ ಅವರು ಡಾಕ್ಟರ್. ಮುಂದಿನ ತಿಂಗಳು ಎಪ್ಪತ್ತೇಳು ತುಂಬುತ್ತದೆ. ಸಿಡಿಲನ್ನು ಪಳಗಿಸಿದವರೆಂದು ಫ್ರಾನ್ಸ್ ಅವರ ಮುಖವನ್ನು ನಶ್ಯದ ಡಬ್ಬಿಗಳ ಮೇಲೂ ಬರೆಸಿಕೊಂಡಿದೆ. ನಿಮಗೆ ಕಾಣುತ್ತಿರುವುದು ಆ ಮುಖವಲ್ಲ. ಒಂದು ಮಗ್ಗುಲಿಗೆ ವಾಲಿಕೊಂಡು, ತೂಕವನ್ನು ಎಲ್ಲಿಡಬೇಕೋ ತಿಳಿಯದೆ ಕೂತ ಭಾರಿ ದೇಹ. ಬೇಸಿಗೆಯ ಕೊನೆಯಿಂದ ಮೂತ್ರದ ಕಲ್ಲು ಕಾಡುತ್ತಿದೆ. ಗೌಟ್ ಬೇನೆಯಂತೂ ಹಳೆಯ ಒಡನಾಡಿ. ಎರಡು ವರ್ಷದ ಹಿಂದೆ ಆ ಬೇನೆಗೂ ತಮಗೂ ನಡೆದ ಜಗಳವನ್ನೇ ಸಂಭಾಷಣೆಯಾಗಿ ಬರೆದು ನೆರೆಹೊರೆಯವರನ್ನು ನಗಿಸಿದ್ದಾರೆ. ಇವತ್ತು ನಗುವಿಲ್ಲ. ಅವರು ಕಾಲು ಸರಿಸುವಾಗಲೆಲ್ಲ ಕುರ್ಚಿ ಕಿರುಗುಟ್ಟುತ್ತದೆ. ಉಸಿರು ಒಂದು ಕ್ಷಣ ನಿಂತು ಮತ್ತೆ ಶುರುವಾಗುವುದು ನಿಮಗೆ ಕೇಳಿಸುತ್ತದೆ.

ಮೇಜಿನ ಮೇಲೆ ಬಿಡಿಸಿಟ್ಟ ಕಾಗದ ನೋಡಿ. ಕೌಂಟ್ ವೆರ್ಜೆನ್, ಫ್ರಾನ್ಸಿನ ವಿದೇಶಾಂಗ ಮಂತ್ರಿ, ಮೊನ್ನೆ 15ರಂದು ಬರೆದದ್ದು. ಬಗ್ಗಿ ಓದಿ, ಯಾರೂ ತಡೆಯುವುದಿಲ್ಲ. ಒಂದು ಒರಟು ಮಾತಿಲ್ಲ, ಆದರೂ ಓದುತ್ತ ಹೋದಂತೆ ಕಿವಿ ಬಿಸಿಯಾಗುತ್ತದೆ. ನಿಮ್ಮ ನಡತೆಯನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕೋ ತಿಳಿಯುತ್ತಿಲ್ಲ ಎನ್ನುತ್ತಾರೆ ಮಂತ್ರಿ. ನಮಗೊಂದು ಮಾತು ತಿಳಿಸದೆ ಕರಾರು ಮುಗಿಸಿದಿರಿ, ದೊರೆಯನ್ನು ಬಿಟ್ಟು ಏನೂ ಮಾಡಬಾರದೆಂದು ನಿಮ್ಮ ಸರ್ಕಾರವಾದ ಕಾಂಗ್ರೆಸ್ಸೇ ಅಪ್ಪಣೆ ಕೊಟ್ಟಿತ್ತಲ್ಲ ಎನ್ನುತ್ತಾರೆ. ಆಮೇಲೆ ಹೊಗಳಿಕೆ ಬರುತ್ತದೆ. ನೀವು ವಿವೇಕಿಗಳು, ಜೀವಮಾನವೆಲ್ಲ ಕರ್ತವ್ಯ ಮಾಡಿದವರು, ನಮ್ಮ ದೊರೆಯ ಋಣವನ್ನು ಹೇಗೆ ತೀರಿಸುತ್ತೀರೋ ನೀವೇ ಯೋಚಿಸಿ. ಬೈಗುಳವಾಗಿದ್ದರೆ ಒರೆಸಿಕೊಂಡು ಹೋಗಬಹುದಿತ್ತು. ಈ ಹೊಗಳಿಕೆಯನ್ನು ಒರೆಸುವುದು ಹೇಗೆ?

ಮಂತ್ರಿ ಹೇಳಿದ್ದೆಲ್ಲ ನಿಜ. ಅದೇ ತೊಂದರೆ. ನವೆಂಬರ್ 30ರಂದು ಪ್ಯಾರಿಸ್ಸಿನಲ್ಲಿ, ಇಂಗ್ಲೆಂಡಿನ ಪ್ರತಿನಿಧಿ ರಿಚರ್ಡ್ ಆಸ್ವಾಲ್ಡ್ ಇಳಿದುಕೊಂಡಿದ್ದ ಬಿಡಾರದಲ್ಲಿ, ನಾಲ್ವರು ಅಮೆರಿಕನ್ನರು ಶಾಂತಿಯ ಪೂರ್ವಕರಾರಿಗೆ ಸಹಿ ಹಾಕಿದರು. ಜಾನ್ ಆಡಮ್ಸ್, ಜಾನ್ ಜೇ, ಹೆನ್ರಿ ಲಾರೆನ್ಸ್, ಜೊತೆಗೆ ನಮ್ಮ ಡಾಕ್ಟರು. ವೆರ್ಜೆನ್‌ಗೆ ಸುದ್ದಿ ಹೋದದ್ದು ಮಾತುಕತೆಯೆಲ್ಲ ಮುಗಿದ ಮೇಲೆ. ಜೇಗೆ ಫ್ರೆಂಚರ ಮೇಲೆ ಅನುಮಾನವಿತ್ತು, ಮಂತ್ರಿಯ ಆಪ್ತ ಅಧಿಕಾರಿಯೊಬ್ಬ ಸೆಪ್ಟೆಂಬರಿನಲ್ಲಿ ಗುಟ್ಟಾಗಿ ಇಂಗ್ಲೆಂಡಿಗೆ ಹೋಗಿಬಂದಿದ್ದ. ಆಡಮ್ಸ್‌ಗೆ ಫ್ರೆಂಚರಷ್ಟೇ ಡಾಕ್ಟರ ಮೇಲೂ ಅನುಮಾನ. ಕಾಂಗ್ರೆಸ್ಸಿನ ಅಪ್ಪಣೆಯನ್ನು ಪಕ್ಕಕ್ಕಿಡೋಣ ಎಂದು ಇಬ್ಬರೂ ಹಟ ಹಿಡಿದಾಗ ಡಾಕ್ಟರು ಒಪ್ಪಿಕೊಂಡರು. ಬಲವಂತಕ್ಕೆ ಒಪ್ಪಿದರೆಂದು ನನಗೆ ಅನ್ನಿಸುವುದಿಲ್ಲ. ಆದರೆ ವರ್ಸೈಗೆ ಮುಖ ತೋರಿಸಬೇಕಾದವರು ಇವರು ಒಬ್ಬರೇ, ಏಕೆಂದರೆ ಅಲ್ಲಿ ಹಣ ಕೇಳಿ ಅಭ್ಯಾಸವಿರುವುದು ಇವರಿಗೇ.

ಅದು ಎಷ್ಟು ಹಣ ಗೊತ್ತೇ? ಈ ಜುಲೈನಲ್ಲಿ ಲೆಕ್ಕ ಚುಕ್ತಾ ಮಾಡಿ ಬರೆದ ಒಪ್ಪಂದದಲ್ಲಿ ಸಾಲವೇ 1 ಕೋಟಿ 80 ಲಕ್ಷ ಲಿವ್ರ್. ಉಚಿತವಾಗಿ ಕೊಟ್ಟದ್ದು, ಪಡೆ, ಹಡಗು, ಮದ್ದುಗುಂಡು ಬೇರೆ. ಈಗ ಅದರ ಮೇಲೆ ಇನ್ನೂ 2 ಕೋಟಿ ಬೇಕು. ಫಿಲಡೆಲ್ಫಿಯಾದಿಂದ ಖಜಾನೆಯ ಹೊಣೆ ಹೊತ್ತ ರಾಬರ್ಟ್ ಮೋರಿಸ್ ಬರೆಯುತ್ತಲೇ ಇದ್ದಾರೆ. ಸೈನ್ಯಕ್ಕೆ ಸಂಬಳವಿಲ್ಲ. ಕಾಂಗ್ರೆಸ್ ಬರೆದ ಹುಂಡಿಗಳು ಒಂದರ ಹಿಂದೊಂದು ಪಾಸ್ಸಿಯ ಬಾಗಿಲಿಗೆ ಬಂದು ಬೀಳುತ್ತವೆ. ಅವುಗಳನ್ನು ನಿಮ್ಮ ಕೈಯಾರೆ ದಾಖಲು ಮಾಡಿದ್ದೀರಿ, ಆ ಕಾಗದದ ತೂಕ ನಿಮಗೆ ಗೊತ್ತು.

ಆಚೆ ಮೇಜಿನಲ್ಲಿ ತಲೆ ತಗ್ಗಿಸಿ ಕೂತ ಯುವಕ ಟೆಂಪಲ್, ಡಾಕ್ಟರ ಮೊಮ್ಮಗ, ಕಚೇರಿಯ ಕಾರ್ಯದರ್ಶಿ. ಅವನಪ್ಪ ವಿಲಿಯಂ ನ್ಯೂಜೆರ್ಸಿಯ ಗವರ್ನರ್ ಆಗಿದ್ದವನು, ಇಂಗ್ಲೆಂಡಿನ ದೊರೆಯ ಪಕ್ಷ ಬಿಡದೆ ಸೆರೆ ಕಂಡವನು, ಈ ವರ್ಷವೇ ಲಂಡನ್ನಿಗೆ ಹಡಗು ಹತ್ತಿದವನು. ಅಂಥ ರಾಜನಿಷ್ಠರಿಗೆ ಕಳೆದುಕೊಂಡ ಆಸ್ತಿಗೆ ಪರಿಹಾರ ಕೊಡಬೇಕೆಂದು ಇಂಗ್ಲಿಷರು ಪಟ್ಟು ಹಿಡಿದರು. ಉಳಿದ ವಿಷಯಗಳಲ್ಲಿ ಬಾಗುತ್ತಿದ್ದ ಡಾಕ್ಟರು ಅಲ್ಲಿ ಮಾತ್ರ ಕಲ್ಲಾದರು, ನವೆಂಬರ್ 26ರಂದು ಆಸ್ವಾಲ್ಡ್‌ಗೆ ಕಟುವಾದ ಕಾಗದವನ್ನೇ ಬರೆದರು. ಹೀಗೆ ಅಪ್ಪನಿಗೆ ಏನೂ ಸಿಗಬಾರದೆಂದು ತಾತ ಹಟ ಹಿಡಿದ ಕರಾರಿಗೆ ಮೊಮ್ಮಗನದು ಸಾಕ್ಷಿಯ ಸಹಿ. ಈ ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ, ನೀವೂ ಎತ್ತಬೇಡಿ. ಎರಡು ವರ್ಷದ ಮೇಲೆ ವಿಲಿಯಂ ರಾಜಿ ಕೇಳಿ ಬರೆದಾಗ ಇವರು ಕೊಡುವ ಉತ್ತರದಲ್ಲಿ, ಇವತ್ತು ಮಂತ್ರಿಗೆ ತೋರಲಿರುವ ನಯದಲ್ಲಿ ಅರ್ಧವೂ ಇರುವುದಿಲ್ಲ.

ಲೇಖನಿ ಶಾಯಿಗೆ ಇಳಿಯಿತು. ಇನ್ನು ಉಸಿರು ಬಿಗಿಹಿಡಿಯಿರಿ.

ಏನು ಬರೆಯಬಹುದು? ತಪ್ಪೇ ಇಲ್ಲವೆಂದು ವಾದಿಸಬಹುದು, ಸುಳ್ಳಾಗುತ್ತದೆ. ಜೇ ಮತ್ತು ಆಡಮ್ಸ್ ಮೇಲೆ ಹಾಕಿ ಕೈ ತೊಳೆದುಕೊಳ್ಳಬಹುದು. ಮಂತ್ರಿ ತಕ್ಷಣ ನಂಬುತ್ತಾರೆ, ಆದರೆ ಅಮೆರಿಕನ್ನರ ಮನೆ ಒಡೆದಿದೆ ಎಂದು ತಾವೇ ಡಂಗುರ ಹೊಡೆದಂತೆ. ಪೂರ್ತಿ ತಪ್ಪೊಪ್ಪಿಗೆ ಬರೆದರೆ ಅದು ನಾಳೆ ಕಾಂಗ್ರೆಸ್ಸಿನ ಮುಂದೆ ಸಾಕ್ಷಿಯಾಗಿ ನಿಲ್ಲುತ್ತದೆ. ಹಾಗಾದರೆ ಎಷ್ಟು ಒಪ್ಪಿಕೊಳ್ಳಬೇಕು?

ಮೊದಲ ಹಾಳೆ ನಿಮ್ಮ ಕಡೆ ಸರಿಯುತ್ತದೆ. ಶುರುವಾಗುವುದು ಹಡಗಿನ ವಿಷಯದಿಂದ. ಕರಾರನ್ನು ಅಮೆರಿಕಕ್ಕೆ ಒಯ್ಯಲು ಲೋರಿಯಾಂ ಬಂದರಿನಲ್ಲಿ ವಾಷಿಂಗ್ಟನ್ ಎಂಬ ಹಡಗು ಕಾದಿದೆ. ದಾರಿಯಲ್ಲಿ ಅದನ್ನು ತಡೆಯಬಾರದೆಂದು ಇಂಗ್ಲೆಂಡಿನ ದೊರೆಯೇ ರಹದಾರಿ ಕಳಿಸಿದ್ದಾನೆ. ನಿನ್ನೆಯ ಶತ್ರುವಿನಿಂದ ಬಂದ ಆ ಸೌಜನ್ಯವೇ ವೆರ್ಜೆನ್ ಕಣ್ಣು ಕೆಂಪಾಗಲು ಒಂದು ಕಾರಣ. ಅದನ್ನು ನಾವು ಒತ್ತಾಯಿಸಿ ಪಡೆದದ್ದಲ್ಲ ಎಂದು ಡಾಕ್ಟರು ವಿವರಿಸುತ್ತಾರೆ.

ಈ ಹಡಗಿನ ಕತೆ ಕನ್ನಡದ ಕಿವಿಗಳಿಗೆ ಬೇರೆಯೇ ಕೇಳಿಸುತ್ತದೆ, ಅದಕ್ಕೇ ಒಂದು ಗಳಿಗೆ ನಿಲ್ಲಿಸುತ್ತೇನೆ. ಈ ವರ್ಷದ ಏಪ್ರಿಲ್ 8ರವರೆಗೂ ಅದು ಜನರಲ್ ಮಂಕ್ ಎಂಬ ಹೆಸರಿನ ಇಂಗ್ಲಿಷ್ ಹಡಗು. ಅವತ್ತು ಡೆಲವೇರ್ ಕೊಲ್ಲಿಯಲ್ಲಿ ಜೋಶುವಾ ಬಾರ್ನಿ ಎಂಬ ಇಪ್ಪತ್ತೆರಡರ ಹುಡುಗ, ತನಗಿಂತ ಬಲವಾಗಿದ್ದ ಅದನ್ನು ಅರ್ಧ ಗಂಟೆಯೊಳಗೆ ಹಿಡಿದ. ಬಾರ್ನಿ ಏರಿದ್ದ ಅಮೆರಿಕನ್ ಹಡಗಿನ ಹೆಸರು ಹೈದರ್ ಅಲಿ. ಹೌದು, ನಮ್ಮ ಮೈಸೂರಿನ ಹೈದರನೇ. ಇಂಗ್ಲಿಷರನ್ನು ಸೋಲಿಸಿದವನ ಹೆಸರೆಂದು ಸಾಗರದಾಚೆಯ ಪೆನ್ಸಿಲ್ವೇನಿಯಾದವರು ಆರಿಸಿಕೊಂಡದ್ದು. ಫ್ರೆಂಚ್ ನೌಕಾಪತಿ ಸಫ್ರೆನ್ ಇದೇ ಜುಲೈನಲ್ಲಿ ಕಡಲೂರಿನ ಬಳಿ ಹೈದರನನ್ನು ಕಂಡಿದ್ದಾನೆ. ವೆರ್ಜೆನ್ ಲೆಕ್ಕದಲ್ಲಿ ಆ ಕರಾವಳಿಯೂ ಇದೆ, ಗೆಲ್ಲಲಾಗದ ಜಿಬ್ರಾಲ್ಟರ್‌ಗಾಗಿ ಹಟ ಹಿಡಿದ ಸ್ಪೇನ್ ಕೂಡ ಇದೆ. ಆದರೆ ಹತ್ತು ದಿನದ ಹಿಂದೆ, ಡಿಸೆಂಬರ್ 7ರಂದು, ಚಿತ್ತೂರಿನ ಬಳಿಯ ತನ್ನ ಪಾಳೆಯದಲ್ಲಿ ಹೈದರ್ ತೀರಿಕೊಂಡಿದ್ದಾನೆ. ಪಾಸ್ಸಿಯಲ್ಲಾಗಲಿ ವರ್ಸೈನಲ್ಲಾಗಲಿ ಅದು ಯಾರಿಗೂ ತಿಳಿಯದು. ಎಲ್ಲರೂ ತಿಂಗಳುಗಟ್ಟಲೆ ಹಳೆಯದಾದ ಲೋಕವನ್ನು ಮುಂದಿಟ್ಟುಕೊಂಡು ಇವತ್ತಿನ ತೀರ್ಮಾನ ಮಾಡುತ್ತಿದ್ದಾರೆ.

ಮತ್ತೆ ಹಾಳೆಗೆ ಬನ್ನಿ. ಪೂರ್ವಕರಾರಿನಲ್ಲಿ ಫ್ರಾನ್ಸಿನ ಹಿತಕ್ಕೆ ವಿರುದ್ಧವಾದದ್ದು ಏನೂ ಇಲ್ಲ. ನೀವು ಶಾಂತಿ ಮಾಡಿಕೊಳ್ಳುವವರೆಗೆ ನಮ್ಮ ಶಾಂತಿಯೂ ಜಾರಿಗೆ ಬರುವುದಿಲ್ಲ. ಇಷ್ಟಾದ ಮೇಲೆ ಲೇಖನಿ ನಿಲ್ಲುತ್ತದೆ. ಅಗ್ಗಿಷ್ಟಿಕೆಯಲ್ಲಿ ಕೊಳ್ಳಿಯೊಂದು ಸಿಡಿಯುತ್ತದೆ. ನೋವೋ ಯೋಚನೆಯೋ, ಡಾಕ್ಟರು ಕಣ್ಣು ಮುಚ್ಚಿದ್ದಾರೆ. ಬರೆಯುತ್ತಾರೆ: ಸಹಿಗೆ ಮುನ್ನ ನಿಮ್ಮನ್ನು ಕೇಳದೆ ಇದ್ದದ್ದು ಶಿಷ್ಟಾಚಾರದ ಒಂದು ಅಂಶದಲ್ಲಿ ನಮ್ಮ ಲೋಪ. ಅಷ್ಟೇ. ಅಪ್ಪಣೆ ಮೀರಿದ್ದು, ಮಿತ್ರನ ಕಣ್ಣಿಗೆ ಮಣ್ಣೆರಚಿದ್ದು, ಎಲ್ಲವೂ ಕುಗ್ಗಿ ಊಟಕ್ಕೆ ತಡವಾಗಿ ಬಂದ ಅತಿಥಿಯ ತಪ್ಪಿನಷ್ಟಾಗಿದೆ. ಪ್ರತಿ ಮಾಡುತ್ತಿರುವ ನಿಮಗೆ ಒಳಗೊಳಗೇ ನಗು, ಅದರ ಜೊತೆಗೇ ಭಯ. ವೆರ್ಜೆನ್ ದಡ್ಡರಲ್ಲ.

ಈಗ ಬರಹದ ವೇಗ ಹೆಚ್ಚುತ್ತದೆ. ದೊರೆಯ ಮೇಲೆ ಗೌರವ ಕಡಿಮೆಯಾಗಿ ಹೀಗೆ ಮಾಡಲಿಲ್ಲ, ಅವರೆಂದರೆ ನಮಗೆಲ್ಲ ಪ್ರೀತಿ. ಅವರ ಆಳ್ವಿಕೆಗೆ ಕೀರ್ತಿ ತರುವ ಇಷ್ಟು ದೊಡ್ಡ ಕೆಲಸ ನಮ್ಮದೊಂದು ಅವಿವೇಕದಿಂದ ಹಾಳಾಗದಿರಲಿ. ಆದರೆ ಅದೇ ನೆಪದಲ್ಲಿ ನೀವು ಸಹಾಯ ನಿಲ್ಲಿಸಿದರೆ ಇಡೀ ಕಟ್ಟಡ ಆಗಲೇ ನೆಲಕಚ್ಚುತ್ತದೆ. ನಿಮ್ಮ ಕೈ ತಡೆಯುತ್ತದೆ. ಕ್ಷಮೆಯ ಕಾಗದವೇ ಇದು? ಕೈ ಕಟ್ಟಿಕೊಂಡು ನಿಂತವರು ಕೈ ಚಾಚಿಯೇಬಿಟ್ಟರು! ಹಡಗನ್ನು ಇನ್ನೂ ಬಿಟ್ಟಿಲ್ಲ, ಶುಕ್ರವಾರ ನಿಮ್ಮ ಉತ್ತರಕ್ಕೆ ಬಂದು ಕಾಣುತ್ತೇನೆ ಎಂದೂ ಸೇರಿಸಿದ್ದಾರೆ. ಇನ್ನೇನು, ವಂದನೆ, ಸಹಿ.

ಇಲ್ಲ. ಮತ್ತೆ ಶಾಯಿ. ಇನ್ನೊಂದು ವಾಕ್ಯ. ನಮ್ಮಿಬ್ಬರನ್ನು ಆಗಲೇ ಒಡೆದುಬಿಟ್ಟೆವೆಂದು ಇಂಗ್ಲಿಷರು ಬೀಗುತ್ತಿದ್ದಾರಂತೆ, ಈಗಷ್ಟೇ ತಿಳಿಯಿತು. ಹಾಗಾಗಿ ಈ ಸಣ್ಣ ಮನಸ್ತಾಪ ಪೂರ್ತಿ ಗುಟ್ಟಾಗಿರಲಿ, ತಾವು ಎಣಿಸಿದ್ದು ತಪ್ಪೆಂದು ಅವರಿಗೆ ಗೊತ್ತಾಗಲಿ.

ಬೆನ್ನ ಮೇಲೆ ತಣ್ಣಗೆ ಏನೋ ಹರಿದಂತಾಗುತ್ತದೆ. ದುಡ್ಡು ಬರದಿದ್ದರೆ ಮನಸ್ತಾಪ ಬಯಲಾಗುತ್ತದೆ, ಬಯಲಾದರೆ ಲಂಡನ್ನಿನಲ್ಲಿ ಹಬ್ಬ, ಇಷ್ಟು ವರ್ಷ ಸುರಿದ ಫ್ರಾನ್ಸಿನ ಹಣವೆಲ್ಲ ನೀರುಪಾಲು. ಒಂದು ಅಕ್ಷರದಲ್ಲೂ ಬೆದರಿಕೆಯಿಲ್ಲ. ಓದಿದವರಿಗೆ ಬೇರೇನೂ ಕೇಳಿಸುವುದೂ ಇಲ್ಲ. ನನ್ನನ್ನು ಕೇಳಿದರೆ ಇದು ಪ್ರಾಮಾಣಿಕ ಕಾಗದವಲ್ಲ. ಆದರೆ ಇಷ್ಟು ಸೊಗಸಾದ ಅಪ್ರಾಮಾಣಿಕತೆಗೆ ಎಪ್ಪತ್ತಾರು ವರ್ಷದ ತಾಲೀಮು ಬೇಕು.

ಗುಟ್ಟು ಎನ್ನುವ ಮಾತಿಗೆ ನೀವು ಬಾಗಿಲ ಕಡೆ ನೋಡಿದಿರಿ. ನೋಡಬೇಕಾದದ್ದೇ. ಈ ಮನೆಯ ಆಪ್ತ ಎಡ್ವರ್ಡ್ ಬ್ಯಾಂಕ್ರಾಫ್ಟ್ ಇಂಗ್ಲೆಂಡಿನ ಸಂಬಳದ ಗೂಢಚಾರ. ಕಾಣದ ಶಾಯಿಯಲ್ಲಿ ಬರೆದು, ಸೀಸೆಯಲ್ಲಿಟ್ಟು, ಪ್ಯಾರಿಸ್ಸಿನ ಟ್ವಿಲೆರಿ ತೋಟದ ಮರದ ಪೊಟರೆಗೆ ಇಳಿಸುತ್ತಿದ್ದವನು. ಲೋಕಕ್ಕೆ ಅದು ಗೊತ್ತಾಗಲು ಇನ್ನು ನೂರಕ್ಕೂ ಹೆಚ್ಚು ವರ್ಷ ಬೇಕು. ಡಾಕ್ಟರಂತೂ ಫ್ರಾನ್ಸಿಗೆ ಬಂದ ಹೊಸದರಲ್ಲೇ, ಸುತ್ತ ಗೂಢಚಾರರಿದ್ದಾರೆಂದು ಎಚ್ಚರಿಸಿದ ಮಹಿಳೆಯೊಬ್ಬರಿಗೆ ಉತ್ತರ ಬರೆದಿದ್ದಾರೆ: ಬಯಲಾದರೆ ನಾಚಬೇಕಾದ ಕೆಲಸಕ್ಕೆ ಕೈ ಹಾಕುವುದಿಲ್ಲ, ಸೇವಕನೇ ಗೂಢಚಾರನೆಂದು ತಿಳಿದರೂ ಬೇರೆಲ್ಲ ವಿಷಯದಲ್ಲಿ ಹಿಡಿಸಿದರೆ ಬಿಡಿಸುವುದಿಲ್ಲ ಎಂದು. ಇವತ್ತಿನ ಕಾಗದವನ್ನು ಲಂಡನ್ ಓದಿದರೂ ಅವರಿಗೆ ನಷ್ಟವಿರಲಿಲ್ಲವೇನೋ.

ಅರಗು ಹನಿಯುತ್ತದೆ, ಮುದ್ರೆ ಒತ್ತುತ್ತಾರೆ, ಸುಟ್ಟ ವಾಸನೆ ಗಂಟಲಿಗಿಳಿಯುತ್ತದೆ. ವರ್ಸೈ ಇಲ್ಲಿಂದ ಸುಮಾರು ಮೂರು ಹರದಾರಿ. ಕುದುರೆಯ ಗೊರಸಿನ ಸದ್ದು ಇಳಿಜಾರಿನಲ್ಲಿ ಕರಗಿದ ಮೇಲೆ ಮಾಡುವುದಕ್ಕೇನೂ ಉಳಿದಿಲ್ಲ. ಕಾಯಬೇಕು.

ಆ ವಾರ ವೆರ್ಜೆನ್ ಸುಮ್ಮನೆ ಕೂತಿಲ್ಲ. 19ರಂದು ಫಿಲಡೆಲ್ಫಿಯಾದಲ್ಲಿರುವ ತಮ್ಮ ರಾಯಭಾರಿಗೆ ಬರೆಯುತ್ತಾರೆ: ಇಲ್ಲಿ ಕಣ್ಣೆದುರು ನಡೆದದ್ದನ್ನು ನೋಡಿದರೆ, ಅಮೆರಿಕಕ್ಕೆ ಮಾಡಿದ್ದಕ್ಕೆಲ್ಲ ನಮಗೆ ಸಿಗುವ ಪ್ರತಿಫಲ ಅಷ್ಟಕ್ಕಷ್ಟೇ. ಆದರೂ ಹಣ ಬರುತ್ತದೆ. 2 ಕೋಟಿಯಲ್ಲ, 60 ಲಕ್ಷ. ಅದರಲ್ಲಿ 6 ಲಕ್ಷ ಕೂಡಲೇ ವಾಷಿಂಗ್ಟನ್ ಹಡಗಿಗೆ. ಬೈದ ಕೈಯೇ ಥೈಲಿ ಬಿಚ್ಚಿದೆ.

ನಿಮ್ಮ ಬೆರಳಿಗೆ ಬಿಡುವಿಲ್ಲ. 23ರಂದು ಮೋರಿಸ್‌ಗೆ ಕಾಗದ: ಪೂರ್ತಿ ಮೊತ್ತಕ್ಕೆ ಒತ್ತಾಯ ಮಾಡಿದೆ, ಅಸಾಧ್ಯವೆಂದರು. ಒಂದು ಪ್ರತಿ ಸಾಲದು, ಬೇರೆ ಬೇರೆ ಹಡಗಿಗೆ ಬೇರೆ ಬೇರೆ ಪ್ರತಿ ಬೇಕು. ಸಮುದ್ರದ ಮೇಲೆ ಕಾಗದಕ್ಕೇನಾಗುತ್ತದೆಂದು ಲಾರೆನ್ಸ್ ಅವರನ್ನು ಕೇಳಿ. 1780ರಲ್ಲಿ ಅವರ ಹಡಗು ಇಂಗ್ಲಿಷರ ಕೈಗೆ ಸಿಕ್ಕಾಗ ಕಾಗದದ ಚೀಲವನ್ನು ನೀರಿಗೆಸೆದರು. ಅದು ಮುಳುಗುವ ಮೊದಲೇ ಶತ್ರುಗಳು ಕೊಕ್ಕೆ ಹಾಕಿ ಎತ್ತಿಕೊಂಡರು, ಲಾರೆನ್ಸ್ ಲಂಡನ್ ಟವರಿನ ಸೆರೆಗೆ ಹೋದರು.

ಬಾರ್ನಿಯೇ ನಡೆಸುವ ವಾಷಿಂಗ್ಟನ್ ಹಡಗಿಗೆ ಅಂಥದ್ದೇನೂ ಆಗುವುದಿಲ್ಲ. ಇಂಗ್ಲೆಂಡಿನ ರಹದಾರಿ, ಫ್ರಾನ್ಸಿನ ರೊಕ್ಕ, ಶಾಂತಿಯ ಕರಾರು ಮೂರನ್ನೂ ಹೊತ್ತು 1783ರ ಮಾರ್ಚ್ 12ರಂದು ಅದು ಫಿಲಡೆಲ್ಫಿಯಾ ಮುಟ್ಟುತ್ತದೆ. ಅಷ್ಟರಲ್ಲಿ ಮೋರಿಸ್, ಇನ್ನೂ ಬಾರದ ಸಾಲದ ಮೇಲೆ ಹುಂಡಿ ಬರೆದೂ ಬರೆದೂ ಬೇಸತ್ತು, ಜನವರಿಯಲ್ಲೇ ಕಾಂಗ್ರೆಸ್ಸಿಗೆ ರಾಜೀನಾಮೆ ಕಳಿಸಿದ್ದಾರೆ. ಆ ಹುಂಡಿಗಳು ಪಾಸ್ಸಿಯ ದಾರಿ ಹಿಡಿದಾಗಿದೆ.